ಮೂರ್ಛೆ ರೋಗವಿರುವ ಮಗುವಿನ ಮನಸ್ಸು ಕುಗ್ಗಿದಾಗ ಪಾಲಕರು ಮಾಡಬೇಕಾದದ್ದು

ಫಿಟ್ಸ್ ಬರುವ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದ ಪಾಲಕರು ಫಿಟ್ಸ್ ಎಷ್ಟು ಸಲ ಬಂತು, ಗುಳಿಗೆ ತಪ್ಪಿತೇ ಎಂಬುದನ್ನಷ್ಟೇ ಹೇಳಿ ಎದ್ದುಬಿಡುತ್ತಾರೆ; ಮಗು ಓಣಿಯ ಗೆಳೆಯರೊಡನೆ ಆಡುವುದನ್ನು ಬಿಟ್ಟಿದೆ, ಮಾತಿಗೊಮ್ಮೆ ಸಿಡುಕುತ್ತದೆ ಎಂಬ ಸಂಗತಿ ಮನೆಯಲ್ಲೇ ಉಳಿಯುತ್ತದೆ. ಮೂರ್ಛೆ ರೋಗವಿರುವ ಮಕ್ಕಳಲ್ಲಿ ಖಿನ್ನತೆ ಉಳಿದ ಮಕ್ಕಳಿಗಿಂತ ಹೆಚ್ಚು, ಮತ್ತು ಅದಕ್ಕೆ ಚಿಕಿತ್ಸೆ ಇದೆ.

ಮಕ್ಕಳ ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲೇ ಬರುವುದಿಲ್ಲ. ಸಿಟ್ಟು, ಕಾರಣ ಸಿಗದ ಹೊಟ್ಟೆನೋವು, ಶಾಲೆಗೆ ಹೋಗಲು ನಿರಾಕರಣೆ, ಕೆಟ್ಟ ನಿದ್ದೆ, ಊಟದಲ್ಲಿ ನಿರಾಸಕ್ತಿ ಇಂಥವು ಎರಡು ವಾರ ಮುಂದುವರಿದರೆ ಅದನ್ನು ಹಟವೆಂದು ತಳ್ಳಿಹಾಕಬಾರದು. ಫಿಟ್ಸ್ ಬಂದ ದಿನಾಂಕ ಬರೆದಿಡುವ ವಹಿಯಲ್ಲೇ ಮಗುವಿನ ಮನಃಸ್ಥಿತಿ, ನಿದ್ದೆ ಮತ್ತು ಗುಳಿಗೆ ಬದಲಾದ ದಿನವನ್ನೂ ಬರೆಯಿರಿ. ಕೆಲವು ಮಕ್ಕಳು ಫಿಟ್ಸ್‌ಗೆ ಮುಂಚಿನ ಅಥವಾ ನಂತರದ ಒಂದೆರಡು ದಿನ ಮಾತ್ರ ಮಂಕಾಗುತ್ತಾರೆ. ಇನ್ನು ಕೆಲವರಲ್ಲಿ ಲೆವೆಟಿರಾಸಿಟಾಮ್, ಟೊಪಿರಾಮೇಟ್, ಫಿನೋಬಾರ್ಬಿಟಾಲ್‌ನಂಥ ಫಿಟ್ಸ್ ಔಷಧಗಳಿಂದಲೇ ಸಿಡುಕು ಅಥವಾ ಕುಗ್ಗುವಿಕೆ ಉಂಟಾಗುತ್ತದೆ. ಇವುಗಳನ್ನು ಬೇರ್ಪಡಿಸಲು ವೈದ್ಯರಿಗೆ ಆ ವಹಿಯೇ ಆಧಾರ.

ಗುಳಿಗೆಯ ಮೇಲೆ ಅನುಮಾನ ಬಂದರೂ ನೀವಾಗಿಯೇ ನಿಲ್ಲಿಸಲೇಬೇಡಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾದೀತು. ಬರೆದದ್ದನ್ನು ತೋರಿಸಿ, ಪ್ರಮಾಣ ಅಥವಾ ಔಷಧವನ್ನು ಬದಲಿಸಬಹುದೇ ಎಂದು ಕೇಳಿ.

ಮನೋವೈದ್ಯರ ಸಲಹೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಇವೆ. ಗದಗ, ಹಾವೇರಿಯವರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಮಾನ್ಯವಾಗಿ ಆಪ್ತಸಮಾಲೋಚನೆಯಿಂದ ಚಿಕಿತ್ಸೆ ಆರಂಭವಾಗುತ್ತದೆ. ಫ್ಲೂಒಕ್ಸೆಟಿನ್‌ನಂಥ ಖಿನ್ನತೆಯ ಔಷಧ ಬೇಕಾದಾಗ, ಫಿಟ್ಸ್ ಹೆಚ್ಚೀತೆಂಬ ಭಯದಿಂದ ಬೇಡವೆನ್ನುವ ಬದಲು ಆ ಭಯವನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ; ಅವರ ನಿಗಾದಲ್ಲಿ ಇಂಥ ಮಕ್ಕಳಿಗೂ ಅದನ್ನು ಕೊಡುತ್ತಾರೆ.

“ನಾ ಇರಬಾರದಿತ್ತು” ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಗದರಿಸದೆ, ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಭಾಗದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಪಡಸಾಲೆಯ ಮೂಲೆಯಲ್ಲೇ ಇರುವುದುಂಟು. ಅದನ್ನೂ ಫಿಟ್ಸ್ ಗುಳಿಗೆಗಳನ್ನೂ ಬೀಗದಲ್ಲಿಡುವುದು ಇಂದೇ ಆಗಬೇಕಾದ ಕೆಲಸ.

ಶಾಲೆಯಲ್ಲಿ ಎಲ್ಲರೆದುರು ಬಿದ್ದ ಮಗುವಿಗೆ ಫಿಟ್ಸ್‌ಗಿಂತ ಆ ನಂತರದ ನಾಚಿಕೆಯೇ ಭಾರವಾಗಿರುತ್ತದೆ. ಶಿಕ್ಷಕರನ್ನು ಮೊದಲೇ ಕಂಡು, ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಕೈಯಲ್ಲಿ ಕಬ್ಬಿಣ ಹಿಡಿಸಿ ಹೊತ್ತು ಕಳೆಯಬಾರದು, ಐದು ನಿಮಿಷ ಮೀರಿದರೆ 108ಕ್ಕೆ ಕರೆಮಾಡಬೇಕು ಎಂದು ತಿಳಿಸಿ. ಕೆರೆ, ಬಾವಿ, ಕೃಷಿ ಹೊಂಡದ ಕಡೆಗೆ ಒಂಟಿಯಾಗಿ ಹೋಗದಂತೆ, ಮರ ಹತ್ತದಂತೆ ನೋಡಿಕೊಳ್ಳಬೇಕು. ಆದರೆ ವೈದ್ಯರು ಬೇಡವೆನ್ನದ ಹೊರತು ಖೊ-ಖೊ, ಶಾಲಾ ಪ್ರವಾಸ, ಊರ ಜಾತ್ರೆಗಳನ್ನು ಮಗುವಿಗೆ ತಪ್ಪಿಸಬೇಕಾಗಿಲ್ಲ.