ಎಂಜಿನ್ ಬದಲು ಆಪರೇಟರ್ ಆಡಿದಾಗ

ನಮ್ಮ ಪುಟ್ಟ ಆನ್‌ಲೈನ್ ಚೆಸ್ ಎಂಜಿನ್ (ತಾನೇ ಚೆಸ್ ಆಡುವ ಪ್ರೋಗ್ರಾಂ) ಟೂರ್ನಿಯಲ್ಲಿ ಎಲ್ಲರೂ ಎಂಜಿನ್ ಓಡಿಸುತ್ತಿದ್ದುದು ಅವರವರ ಮನೆಯ ಕಂಪ್ಯೂಟರಿನಲ್ಲಿ. ಒಂದು ಎಂಜಿನ್ ಅರ್ಧ ಆಟದ ತನಕ ಸಾಧಾರಣ, ಕಷ್ಟಕ್ಕೆ ಸಿಕ್ಕಿದ ಕೂಡಲೇ ಸ್ಟಾಕ್‌ಫಿಶ್ ಎಂಬ ಬಲಿಷ್ಠ ಎಂಜಿನ್‌ನಂತೆ ಆಟ! ಅದನ್ನು ಓಡಿಸುವ ಆಪರೇಟರೇ ನಡುವೆ ಬೇರೆ ನಡೆ ಹಾಕುತ್ತಿದ್ದಾರಾ ಅಂತ ಅನುಮಾನ. ಸುಮ್ನೆ ಜಗಳ ಯಾಕೆ ಅಂತ ಮೊದಲು ಲಾಗ್ ಫೈಲ್ (ಎಂಜಿನ್ ಕೆಲಸದ ದಾಖಲೆ) ಕೇಳಿದೆ. ಆದರೆ ಅದನ್ನೂ ತಿದ್ದಬಹುದು ಅಲ್ವಾ? ಅದೇ ಎಂಜಿನ್ ಅದೇ ನಡೆ ಆಡುತ್ತದಾ ನೋಡೋಣ ಅಂದರೆ, 4 ಥ್ರೆಡ್‌ನಲ್ಲಿ (ಒಟ್ಟಿಗೇ ನಡೆಯುವ ನಾಲ್ಕು ಲೆಕ್ಕಾಚಾರ) ಒಂದೊಂದು ಸಲ ಒಂದೊಂದು ನಡೆ.

ಕೊನೆಗೆ ಎಲ್ಲರ ಎಂಜಿನ್ ಫೈಲನ್ನೂ ಮೊದಲೇ ತರಿಸಿಕೊಂಡು, ಅವುಗಳ ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು) ಎಲ್ಲರಿಗೂ ಕಳಿಸಿ, ನನ್ನ ಒಂದೇ ಕಂಪ್ಯೂಟರಿನಲ್ಲಿ ಎಂಜಿನ್‌ಗಳನ್ನು ಆಡಿಸುವ ಕ್ಯೂಟ್‌ಚೆಸ್ ಪ್ರೋಗ್ರಾಂ ಹಾಕಿ ಆಡಿಸಿದೆ. ಟಿಸಿಇಸಿ ಎಂಬ ದೊಡ್ಡ ಎಂಜಿನ್ ಟೂರ್ನಿಯಲ್ಲೂ ಆಟ ನಡೆಯುವುದು ಆಯೋಜಕರ ಯಂತ್ರದಲ್ಲೇ. ಎಲ್ಲರಿಗೂ ಥ್ರೆಡ್ 1, ಹ್ಯಾಶ್ (ಲೆಕ್ಕ ನೆನಪಿಡುವ ಮೆಮೊರಿ) 256 ಎಂಬಿ, ಎದುರಾಳಿಯ ಸಮಯದಲ್ಲಿ ಯೋಚಿಸುವುದು ಬಂದ್. ನನ್ನ ಕರೆಂಟ್ ಬಿಲ್ ಸ್ವಲ್ಪ ಜಾಸ್ತಿಯಾಯಿತು. ಆ ಅನುಮಾನದ ಎಂಜಿನ್ ಮಾತ್ರ ಈಗ ಕೆಳಗಿನಿಂದ ಎರಡನೆಯದು.