ಕಿತ್ತಳೆ ಕೇಬಲ್, ಹಳೆ ಡಿವಿಡಿ, ಲೇಸರ್ ಚುಕ್ಕಿಗಳು

ಲೇಸರ್ ಬೆಳಕನ್ನು ಗೋಡೆ ಮೇಲೆ ಬಿಟ್ಟರೆ ಕಾಳುಕಾಳಾಗಿ ಮಿನುಗುವ ಚುಕ್ಕಿಗಳು ಕಾಣುತ್ತವೆ, ಅಲ್ವಾ? ಅದೇ ಸ್ಪೆಕಲ್. ಬೆಳಕಿನ ತರಂಗಾಂತರ ಚೂರು ಬದಲಾದರೂ ಈ ಚುಕ್ಕಿಗಳ ಚಿತ್ತಾರ ಬದಲಾಗುತ್ತದೆ. ಹಾಗಾಗಿ ಚಿತ್ತಾರ ನೋಡಿ ತರಂಗಾಂತರ ಹೇಳಬಹುದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರು 2017ರಲ್ಲಿ ಬೆಳಕನ್ನು ಒಂದು ಗೋಳದೊಳಗೆ ಚದುರಿಸಿ, ಫೆಮ್ಟೋಮೀಟರಿಗಿಂತ (ನ್ಯಾನೋಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಸಣ್ಣ ವ್ಯತ್ಯಾಸವನ್ನೂ ಹಿಡಿದರು. ಹೀಗೆ ತರಂಗಾಂತರ ಅಳೆಯುವುದನ್ನು ಮುಂಬೈಯ ಮಾಟುಂಗಾದ ನನ್ನ ಮನೆಯಲ್ಲೂ ಮಾಡಿ ನೋಡಿದೆ, ಆದರೆ ಅಷ್ಟು ಸೂಕ್ಷ್ಮ ಇಲ್ಲಿ ಆಗುವ ಮಾತಲ್ಲ. ನ್ಯಾನೋಮೀಟರಿನ ಹತ್ತರಲ್ಲೊಂದು ಪಾಲು ಸಿಕ್ಕರೆ ನನಗೆ ಸಾಕಿತ್ತು.

ಗೋಳದ ಬದಲು ನಾನು ಇಂಟರ್ನೆಟ್‌ನವರು ಬಳಸುವ ಆಪ್ಟಿಕಲ್ ಫೈಬರ್ ತಂದೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿದ್ದವರು ಕುಂದಾಪುರ ಕಡೆಯವರು. "ಕಿತ್ತಳೆ ಬಣ್ಣದ್ದು ಎಂತಕ್ಕೆ ಮಾರಾಯ್ರೆ, ಹಳದಿ ತಗೊಳ್ಳಿ" ಅಂದರು. ಹಳದಿ ಕೇಬಲ್ ಸಿಂಗಲ್ ಮೋಡ್. ಅದರಲ್ಲಿ ಬೆಳಕಿಗೆ ದಾರಿಗಳು ತೀರಾ ಕಡಿಮೆ, ಚಿತ್ತಾರ ಕಟ್ಟುವುದಿಲ್ಲ. ಕಿತ್ತಳೆಯದು ಮಲ್ಟಿಮೋಡ್. ಬೆಳಕು ನೂರಾರು ದಾರಿಗಳಲ್ಲಿ ಹೋಗಿ ಕೊನೆಯಲ್ಲಿ ಒಂದರ ಮೇಲೊಂದು ಬೀಳುತ್ತದೆ. ಫೈಬರ್ ಉದ್ದ ಇದ್ದಷ್ಟೂ ಆ ದಾರಿಗಳ ನಡುವಿನ ಅಂತರ ಬೆಳೆಯುತ್ತದೆ, ಅಳತೆ ಸೂಕ್ಷ್ಮವಾಗುತ್ತದೆ. ಆದರೆ ಶಾಖಕ್ಕೂ ಅಲುಗಾಟಕ್ಕೂ ಅಷ್ಟೇ ಬೇಗ ಹೆದರುತ್ತದೆ. ನಾನು ಒಂದು ಮೀಟರಿಗೇ ನಿಂತೆ.

650 ನ್ಯಾನೋಮೀಟರಿನ ಕೆಂಪು ಲೇಸರನ್ನು ಲೆನ್ಸ್ ಮೂಲಕ ಫೈಬರ್‌ನ ಒಂದು ತುದಿಗೆ ಬಿಟ್ಟೆ. ಇನ್ನೊಂದು ತುದಿಯೆದುರು ಲೆನ್ಸ್ ಕಿತ್ತ ವೆಬ್‌ಕ್ಯಾಮ್ ಇಟ್ಟೆ. ಕ್ಯಾಮೆರಾದ ಆಟೋ ಎಕ್ಸ್‌ಪೋಷರ್ ಆಫ್ ಮಾಡಲೇಬೇಕು. ಫೈಬರ್ ಮತ್ತು ಕ್ಯಾಮೆರಾ ಥರ್ಮೋಕೋಲ್ ಡಬ್ಬಿಯೊಳಗೆ. ನಮ್ಮ ಮನೆ ರೈಲು ಹಳಿಗೆ ಹತ್ತಿರ. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಪರದೆ ಮೇಲಿನ ಚುಕ್ಕಿಗಳು ನಡುಗುತ್ತಿದ್ದವು. ಹಾಗಾಗಿ ಮುಖ್ಯ ಕೆಲಸವೆಲ್ಲ ಕೊನೆಯ ಲೋಕಲ್ ಹೋದ ಮೇಲೆ, ಫ್ಯಾನ್ ಆರಿಸಿ, ಬೆವರು ಸುರಿಸಿಕೊಂಡು.

ಚಿತ್ತಾರ ಅನ್ನುವುದು ಹೆಬ್ಬೆರಳ ಗುರುತಿದ್ದ ಹಾಗೆ. ಯಾರದ್ದೆಂದು ಮೊದಲೇ ದಾಖಲೆ ಇರದಿದ್ದರೆ ಉಪಯೋಗವಿಲ್ಲ. ಆ ದಾಖಲೆ ಮಾಡಲು ಹಳೆ ಡಿವಿಡಿ ಸಾಕಾಯಿತು. ಅದರ ಗೆರೆಗಳ ಅಂತರ 0.74 ಮೈಕ್ರೋಮೀಟರ್. ಲೇಸರ್ ದಾರಿಯಲ್ಲಿ ಗಾಜಿನ ಸ್ಲೈಡ್ ಓರೆಯಾಗಿಟ್ಟು ಸ್ವಲ್ಪ ಬೆಳಕನ್ನು ಡಿವಿಡಿ ಮೇಲೆ ನೇರ ಬೀಳಿಸಿದರೆ, ಕೆಂಪು ಬೆಳಕು ಸುಮಾರು 61 ಡಿಗ್ರಿಗೆ ತಿರುಗುತ್ತದೆ. ಎರಡು ಮೀಟರ್ ದೂರದಲ್ಲಿ ಆ ಬೆಳಕಿಗೆ ಎದುರಾಗಿ ಪರದೆ ಹಿಡಿದರೆ, ತರಂಗಾಂತರ ಒಂದು ನ್ಯಾನೋಮೀಟರ್ ಬದಲಾದರೆ ಬೆಳಕಿನ ಚುಕ್ಕಿ ಹತ್ತಿರಹತ್ತಿರ 5.6 ಮಿಲಿಮೀಟರ್ ಸರಿಯುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದು ಅದರ ನಡುಬಿಂದು ಹುಡುಕಿದೆ.

ತರಂಗಾಂತರ ಬದಲಿಸಲು ಲೇಸರಿನ ಲೋಹದ ಮೈಗೆ ಒಂದು ರೆಸಿಸ್ಟರ್ ಕಟ್ಟಿ ಬಿಸಿ ಮಾಡಿದೆ. ಇಂಥ ಲೇಸರ್ ಡಯೋಡಿನ ತರಂಗಾಂತರ ಒಂದು ಡಿಗ್ರಿಗೆ ಸುಮಾರು 0.2 ನ್ಯಾನೋಮೀಟರ್ ಏರುತ್ತದೆ. ನೋಡಲು ಮಜಾ ಇರುವುದು ಇಲ್ಲೇ. ಚುಕ್ಕಿಗಳು ಸ್ವಲ್ಪ ಹೊತ್ತು ಮೆಲ್ಲಗೆ ಕುದಿಯುತ್ತವೆ, ಮತ್ತೆ ಪಟ್ಟನೆ ಇಡೀ ಚಿತ್ತಾರವೇ ಬೇರೆ. ಡಯೋಡ್ ಒಂದು ಮೋಡ್‌ನಿಂದ (ಅದು ಹೊಳೆಯಬಲ್ಲ ತರಂಗಾಂತರಗಳಲ್ಲಿ ಒಂದರಿಂದ) ಇನ್ನೊಂದಕ್ಕೆ ಹಾರಿದ್ದು ಅದು. ಎರಡು ಮೂರು ಮೋಡ್ ಒಟ್ಟಿಗೆ ಹೊಳೆದರೆ ಚಿತ್ತಾರ ಮಸುಕಾಗುತ್ತದೆ. ಅಂಥ ಫೋಟೋಗಳನ್ನು ಸುಮ್ನೆ ತೆಗೆದುಹಾಕಿದೆ.

ಉಳಿದದ್ದು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಹೊಸ ಫೋಟೋವನ್ನು ದಾಖಲೆಯ ಒಂದೊಂದು ಫೋಟೋ ಜೊತೆಗೂ ಹೋಲಿಸಿ, ಜಾಸ್ತಿ ಹೊಂದುವುದರ ತರಂಗಾಂತರ ತೋರಿಸುವುದು, ಅಷ್ಟೇ. ಡಬ್ಬಿ ಮುಟ್ಟಿದರೆ ದಾಖಲೆ ಮತ್ತೆ ಮೊದಲಿಂದ. ಇನ್ನೊಂದು ತೊಡಕಿದೆ: ಹಸಿರು ಲೇಸರ್ ಬಿಟ್ಟರೂ ಈ ಪ್ರೋಗ್ರಾಂ 650ರ ಆಸುಪಾಸಿನದೇ ಒಂದು ಅಂಕಿ ಹೇಳುತ್ತದೆ. ಅದಕ್ಕೇ ಹೋಲಿಕೆ ತೀರಾ ಕಡಿಮೆ ಇದ್ದರೆ "ಗೊತ್ತಿಲ್ಲ" ಅಂತ ಬರುವ ಹಾಗೆ ಒಂದು ಸಾಲು ಸೇರಿಸಿದ್ದೇನೆ.