ಎದೆ ಮೇಲೆ ಪ್ಯಾಚ್ ಇಟ್ಟುಕೊಂಡು ನಿದ್ದೆ ಮಾಡೋದು ಹೇಗೆ

ಸಾರಿಗೆ ಬಸ್ಸಿನಲ್ಲಿ 29 ವರ್ಷ ಕಂಡಕ್ಟರ್ ಆಗಿದ್ದೆ. ಜಾಸ್ತಿ ದಿನ ಮೈಸೂರು–ಮಂಡ್ಯ ರೂಟು. ರಿಟೈರ್ ಆಗಿ ಎರಡನೇ ವರ್ಷಕ್ಕೆ ಸ್ಟ್ರೋಕ್ ಹೊಡೆಯಿತು. ಮಾತು ವಾಪಸ್ ಬಂತು, ಎಡಗೈ ಮುಕ್ಕಾಲು ಬಂತು. ಯಾಕೆ ಆಯಿತು ಅನ್ನೋದು ಮಾತ್ರ ಗೊತ್ತಾಗಲಿಲ್ಲ. ಇಸಿಜಿ ಸರಿ ಇತ್ತು. ಅದಕ್ಕೇ ಡಾಕ್ಟರು 14 ದಿನಕ್ಕೆ ಎದೆಗೊಂದು ಪ್ಯಾಚ್, ಅಂದರೆ ಹೃದಯದ ಬಡಿತ ಬರೆದುಕೊಳ್ಳುವ ಪಟ್ಟಿ, ಅಂಟಿಸಿ ಕಳಿಸಿದರು.

ಕೆಲವರಿಗೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುತ್ತವಂತೆ. ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಇದು ಎಷ್ಟೋ ಜನರಲ್ಲಿ ಬಂದು ಬಂದು ಹೋಗುತ್ತೆ. ಇಸಿಜಿ ತೆಗೆಯುವ 10 ಸೆಕೆಂಡಿನಲ್ಲೇ ಬರಬೇಕಲ್ಲ! ಚೆಕಿಂಗ್‌ನವರು ಹತ್ತಿದ ದಿನ ಬಸ್ಸಿನಲ್ಲಿ ಎಲ್ಲರ ಹತ್ತಿರವೂ ಟಿಕೆಟ್ ಇರುತ್ತೆ, ಹಾಗೆ.

ಪ್ಯಾಚ್ ಮೇಲೆ ಒಂದು ಬಟನ್. ಎದೆ ಡವಡವ ಅಂದರೆ ಒತ್ತಿ ಅಂದಿದ್ದರು. ಮೊದಲ ರಾತ್ರಿ 11 ಸಲ ಒತ್ತಿದೆ. ನನ್ನಾಕೆ ಎದ್ದು ಲೈಟ್ ಹಾಕಿ, "ಏನ್ರೀ, ಸ್ಟಾಪ್ ಬಂತಾ?" ಅಂದಳು.

ನಿಮಗೂ ಪ್ಯಾಚ್ ಹಾಕಿದರೆ ಮೊದಲು ಒಂದು ಮಾತು ಕೇಳಿಕೊಳ್ಳಿ: ಇದನ್ನು ಯಾರಾದರೂ ಆಗಿಂದಾಗಲೇ ನೋಡುತ್ತಿರುತ್ತಾರಾ, ಇಲ್ಲಾ ಬಿಚ್ಚಿದ ಮೇಲೆ ನೋಡುತ್ತಾರಾ? ನಾನು ಕೇಳಲಿಲ್ಲ. ಯಾರೋ ಸ್ಕ್ರೀನ್ ಮುಂದೆ ಕೂತು ನನ್ನನ್ನೇ ಕಾಯುತ್ತಿದ್ದಾರೆ, ಫೋನ್ ಬರಲಿಲ್ಲ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಮೂರು ದಿನ ಒದ್ದಾಡಿದೆ. ನಿಜ ಏನಂದರೆ ನನ್ನ ಪ್ಯಾಚ್ ಸುಮ್ನೆ ಬರೆದುಕೊಳ್ಳುತ್ತಿತ್ತು ಅಷ್ಟೆ. ಟಿಕೆಟ್ ಮಷಿನ್ ಇದ್ದ ಹಾಗೆ. ಲೆಕ್ಕ ನೋಡೋದು ಡಿಪೋದಲ್ಲಿ. ಇದು ತಿಳಿದ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತು.

ಬಟನ್ ಒತ್ತಿದಾಗಲೆಲ್ಲ ಒಂದು ಸಾಲು ಬರೆದಿಡಿ: ಹೊತ್ತು, ಏನು ಮಾಡುತ್ತಿದ್ದಿರಿ, ಹೇಗನ್ನಿಸಿತು. "ರಾತ್ರಿ 2:10. ಮಲಗಿದ್ದೆ. ಅಪ್ಪನ ನೆನಪು. ಎದೆ ಓಡಿತು." ಹೀಗೆ ಒಂದು ವಾರ ಬರೆದ ಮೇಲೆ ನನಗೇ ಕಾಣಿಸಿತು, ಮೊದಲು ಯೋಚನೆ, ಆಮೇಲೆ ಡವಡವ. ಸ್ನಾನ ಬೇಗ ಮುಗಿಸಿ, ನೀರು ಬೆನ್ನ ಮೇಲೆ ಬೀಳಲಿ. ಎಣ್ಣೆಸ್ನಾನ ಬೇಡ, ಅಂಟು ಬಿಡುತ್ತೆ.

ವಾಚ್ ಇನ್ನೊಂದು ಕತೆ. ಮಗ ಪ್ರೀತಿಯಿಂದ ತಂದುಕೊಟ್ಟ. ಬೆರಳಿಟ್ಟರೆ 30 ಸೆಕೆಂಡಿನಲ್ಲಿ ಇಸಿಜಿ. ಭಯ ಆದಾಗ ನೋಡೋದು, ನಿಮಿಷಕ್ಕೆ 104 ಬಡಿತ ಅಂತ ತೋರಿಸೋದು, ಅದಕ್ಕೆ ಇನ್ನೂ ಭಯ, ಮತ್ತೆ ನೋಡೋದು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಹೋದರೆ ಕೊಕ್ಕರೆ ನೋಡೋದು ಬಿಟ್ಟು ಮಣಿಕಟ್ಟು ನೋಡುತ್ತಿದ್ದೆ. ಕೊನೆಗೆ ಡಾಕ್ಟರನ್ನೇ ಕೇಳಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಬೆಳಗ್ಗೆ ತಿಂಡಿ ಆದ ಮೇಲೆ ಒಂದು ಸಲ, ಸಂಜೆ ಒಂದು ಸಲ. ಎಂಥ ಅಲರ್ಟ್ ಬಂದರೆ ಫೋನ್ ಮಾಡಬೇಕು ಅನ್ನೋದನ್ನು ಅವರ ಕೈಲೇ ಚೀಟಿಯಲ್ಲಿ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ. ಬಾಯಿಮಾತು ರಾತ್ರಿ ಎರಡು ಗಂಟೆಗೆ ನೆನಪಾಗಲ್ಲ.

ಒಂದು ಮಾತ್ರ ಮರೆಯಬೇಡಿ. ವಾಚಿಗೆ ಸ್ಟ್ರೋಕ್ ಗೊತ್ತಾಗಲ್ಲ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ವಾಚ್ ನೋಡುತ್ತಾ ಕೂರಬೇಡಿ. ತಕ್ಷಣ 108. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಿರಬೇಕು, ಅದಕ್ಕೇ ಎಷ್ಟು ಬೇಗ ಆಸ್ಪತ್ರೆ ಸೇರಿದರೆ ಅಷ್ಟು ಒಳ್ಳೆಯದು.

ಇನ್ನು ಅಳು. ಹೇಳೋಕೆ ನಾಚಿಕೆ, ಆದರೂ ಹೇಳುತ್ತೇನೆ. ಟಿವಿಯಲ್ಲಿ ಜಾಹೀರಾತು ನೋಡಿ ಗೊಳೋ ಅಂತ ಅತ್ತಿದ್ದೇನೆ. ಸೊಸೆ ಕಾಫಿ ಕೊಡೋಕೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಸ್ಟ್ರೋಕ್‌ನಿಂದ ಮೆದುಳಿಗೆ ಪೆಟ್ಟು ಬಿದ್ದಾಗ ಅಳು–ನಗುವಿನ ಹಿಡಿತ ತಪ್ಪುವುದುಂಟು, ದುಃಖವೇ ಇರಬೇಕು ಅಂತಿಲ್ಲ. ಅದಲ್ಲದೆ ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಎರಡು ವಾರ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಡಾಕ್ಟರಿಗೆ ಹೇಳಿ. ಔಷಧಿ ಇದೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ನಾಳೆ ಅಂತ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿಬಿಡಿ.

ಮನೆಯವರಿಗೂ ಒಂದು ಮಾತು. ಗಂಟೆಗೊಂದು ಸಲ "ಹಾರ್ಟು ಹೆಂಗಿದೆ?" ಅಂತ ಕೇಳಬೇಡಿ. ನನ್ನಾಕೆ ಎರಡನೇ ವಾರದಿಂದ "ಬನ್ರೀ, ಅವರೆಕಾಯಿ ಸುಲಿಯೋಣ" ಅನ್ನೋಕೆ ಶುರುಮಾಡಿದಳು. ಎಡಗೈಗೂ ಕೆಲಸ ಸಿಕ್ಕಿತು.

ರಿಪೋರ್ಟ್ ಬಂತು. ನಾನು ಬಟನ್ ಒತ್ತಿದ ಒಂದು ಹೊತ್ತಿನಲ್ಲೂ ತಾಳ ತಪ್ಪಿರಲಿಲ್ಲ, ಬರೀ ಜೋರಾಗಿ ಹೊಡೆದುಕೊಂಡಿತ್ತು. ತಪ್ಪಿದ್ದು ಎರಡು ಸಲ, ಎರಡೂ ನಾನು ಗಾಢ ನಿದ್ದೆಯಲ್ಲಿದ್ದಾಗ. ಈಗ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಬರೆದಿದ್ದಾರೆ. ರಾತ್ರಿ ಊಟ ಆದ ಮೇಲೆ ನನ್ನಾಕೆ ಮಾತ್ರೆ ಕೈಗಿಟ್ಟು ಕೇಳುತ್ತಾಳೆ: "ಟಿಕೆಟ್ ತಗೊಂಡ್ರಾ?"